ಪ್ರಬಂಧ ಮುಗಿದ ಹೊತ್ತಿನಲ್ಲಿ ಸಲ್ಲಬೇಕಾದ ವಂದನೆ

ಪುಣೆಯಲ್ಲಿ ನನ್ನ ಪಿಎಚ್‌ಡಿ ಮೌಖಿಕ ಪರೀಕ್ಷೆ ಕಳೆದ ವಾರ ಮುಗಿಯಿತು. ಮೂತ್ರಪಿಂಡದಲ್ಲಿ ಹಾರ್ಮೋನುಗಳು ಎಲ್ಲೆಲ್ಲಿ ಅಂಟಿಕೊಳ್ಳುತ್ತವೆ ಎಂಬುದೇ ನನ್ನ ವಿಷಯ. ಪ್ರಯೋಗಗಳ ಏಳುಬೀಳುಗಳನ್ನು ನೀವೆಲ್ಲ ಆಗಾಗ ಕೇಳಿಯೇ ಬಲ್ಲಿರಾದ್ದರಿಂದ ಅವನ್ನು ಮತ್ತೆ ಬರೆಯುವುದಿಲ್ಲ. ಮಾರ್ಗದರ್ಶಕರಿಗೆ, ಸಹಪಾಠಿಗಳಿಗೆ, ಹಬ್ಬಗಳಲ್ಲಿ ಕರೆದು ಹೋಳಿಗೆ ಬಡಿಸಿದ ಇಲ್ಲಿನ ಕನ್ನಡ ಮನೆಗಳಿಗೆ ಮತ್ತು ಧಾರವಾಡದಲ್ಲಿರುವ ಅಪ್ಪ-ಅಮ್ಮನಿಗೆ ನಾನು ಋಣಿ.

ಆದರೆ ಈ ಬರಹ ಮುಖ್ಯವಾಗಿ ನಮ್ಮ ಪ್ರಯೋಗಾಲಯದ ಸಹಾಯಕರಿಗೆ, ಎಲ್ಲರೂ ಮಾಮಾ ಎಂದೇ ಕರೆಯುವ ಅಕ್ಕಲಕೋಟೆ ಕಡೆಯ ಹಿರಿಯರಿಗೆ ಸಲ್ಲಬೇಕು. ಆಷಾಢದ ಒಂದು ರಾತ್ರಿ ಮಳೆಗೆ ವಿದ್ಯುತ್ ಹೋಗಿ, ಜನರೇಟರ್ ಕೂಡ ಕೈಕೊಟ್ಟು, ಮೈನಸ್ 80 ಡಿಗ್ರಿಯ ಫ್ರೀಜರ್ ನಿಧಾನವಾಗಿ ಬೆಚ್ಚಗಾಗತೊಡಗಿದಾಗ, ಅದರೊಳಗೆ ಮಂಗಗಳ ಮೂತ್ರಪಿಂಡದ ತುಣುಕುಗಳಿದ್ದವು. ರಾಸಾಯನಿಕಗಳಿಂದ ಸಂಸ್ಕರಿಸಿದರೆ ಹಾರ್ಮೋನು ತನ್ನ ರಿಸೆಪ್ಟರಿಗೆ (ಜೀವಕೋಶದಲ್ಲಿ ಅದನ್ನು ಹಿಡಿದುಕೊಳ್ಳುವ ಪ್ರೋಟೀನಿಗೆ) ಅಂಟಿಕೊಳ್ಳುವ ಗುಣ ಕೆಡಬಹುದೆಂದು ಅವನ್ನು ಹಸಿಯಾಗಿಯೇ ಹೆಪ್ಪುಗಟ್ಟಿಸಿ ಇಟ್ಟಿದ್ದೆವು; ಕರಗಿದರೆ ಅಂಗಾಂಶದೊಳಗಿನ ಕಿಣ್ವಗಳೇ ರಿಸೆಪ್ಟರುಗಳನ್ನು ಒಡೆದುಹಾಕುತ್ತವೆ. ಮಾಮಾ ಸ್ಕೂಟರಿನಲ್ಲಿ ಹೋಗಿ ಎಲ್ಲಿಂದಲೋ ಡ್ರೈ ಐಸ್ ತಂದರು. ಫ್ರೀಜರಿಗೆ ಕಂಬಳಿ ಸುತ್ತಿ, ಟಾರ್ಚಿನ ಬೆಳಕಿನಲ್ಲಿ ಉಷ್ಣಾಂಶವನ್ನು ನೋಡಿ ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತ ಬೆಳಗಿನವರೆಗೂ ಕುಳಿತಿದ್ದರು. "ನೀವು ಸುಮ್ಮ ಕುಂದರ್ರಿ, ಬಾಗ್ಲಾ ಮಾತ್ರ ತೆಗೀಬ್ಯಾಡ್ರಿ, ಇದ್ದ ಥಂಡಿ ಹೊರಗ ಹೋಗ್ತದ" ಎಂದು ನನಗೆ ಹೇಳಿದರು.

ನಾನು ಮೆಟ್ಟಿಲ ಮೇಲೆ ಕುಳಿತು ಅತ್ತೆ. ಅದು ಹಳೆಯ ಅಧ್ಯಯನಗಳಿಂದ ಉಳಿದುಬಂದ ಅಂಗಾಂಶವಾಗಿತ್ತು. ಆ ಜೀವಗಳನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ, ಇನ್ನೊಂದು ಪ್ರಾಣಿಯನ್ನು ಬೇಡುವ ಮನಸ್ಸು ನನಗಿರಲಿಲ್ಲ. ಇಲಿಯಲ್ಲಿ ಕಂಡದ್ದೇ ಮನುಷ್ಯನಲ್ಲೂ ಇದೆಯೆಂದು ಊಹಿಸುವಂತಿಲ್ಲ ಎಂಬುದರಿಂದ, ಬದಲಿಗೆ ಬೇರೆ ದಾರಿಯೂ ಇರಲಿಲ್ಲ.

ತುಣುಕುಗಳು ಉಳಿದವು. ವಿಕಿರಣಶೀಲ ಅಯೋಡಿನ್-125 ಸೇರಿಸಿದ ಆಂಜಿಯೋಟೆನ್ಸಿನ್ ಎಂಬ ರಕ್ತದೊತ್ತಡ ಏರಿಸುವ ಹಾರ್ಮೋನನ್ನು ಅವಕ್ಕೆ ಹಚ್ಚಿ, ವಿಕಿರಣ ಬಿದ್ದಲ್ಲಿ ಕಪ್ಪಾಗುವ ಫಿಲ್ಮ್ ತೊಳೆದಾಗ ಮೂತ್ರಪಿಂಡದ ಹೊರವಲಯದ ತುಂಬ ರಾಗಿ ಚೆಲ್ಲಿದಂತೆ, ರಕ್ತ ಸೋಸುವ ಸಣ್ಣ ಗಂಟುಗಳಾದ ಗ್ಲೋಮೆರುಲಸ್‌ಗಳು ಕಪ್ಪಾಗಿ ಮೂಡಿದವು, ಅವುಗಳ ಕೆಳಗೆ ಹೊರ ಮೆಡುಲಾದ (ಮೆಡುಲಾ ಎಂದರೆ ಮೂತ್ರಪಿಂಡದ ಒಳಭಾಗ) ಒಳಪಟ್ಟಿಯೂ ದಟ್ಟವಾಗಿ ಕಂಡಿತು. ಹೃದಯದಿಂದ ಬರುವ, ಉಪ್ಪನ್ನು ಮೂತ್ರದಲ್ಲಿ ಹೊರಹಾಕಿಸುವ ನ್ಯಾಟ್ರಿಯುರೆಟಿಕ್ ಪೆಪ್ಟೈಡ್ ಎಂಬ ಹಾರ್ಮೋನು ಗ್ಲೋಮೆರುಲಸ್‌ಗಳ ಜೊತೆಗೆ ಒಳ ಮೆಡುಲಾದಲ್ಲಿ ನೆಲೆ ಕಂಡುಕೊಂಡಿತ್ತು. ಜಾಗ ಖಚಿತವಾಗದೆ ಹಾರ್ಮೋನಿನ ಕೆಲಸ ಅರ್ಥವಾಗುವುದಿಲ್ಲ: ಕರುಳಿನ ಹಾರ್ಮೋನಾದ ಜಿಎಲ್‌ಪಿ-1ರ ರಿಸೆಪ್ಟರ್ ಮಂಗ ಮತ್ತು ಮನುಷ್ಯರ ಮೂತ್ರಪಿಂಡದಲ್ಲಿ ಅಪಧಮನಿಗಳ ನಯಸ್ನಾಯುವಿನಲ್ಲಿದೆ ಎಂದು 2014ರಲ್ಲಿ ಪ್ರಕಟವಾದದ್ದು, ಆ ರಿಸೆಪ್ಟರನ್ನೇ ಗುರುತಿಸಿ ಅಂಟುವ, ಚೆನ್ನಾಗಿ ಪರೀಕ್ಷಿಸಿದ ಪ್ರತಿಕಾಯವೊಂದು ಕೈಗೆ ಬಂದ ಮೇಲೆಯೇ.

ಪ್ರಬಂಧದ ಕೃತಜ್ಞತಾ ಪುಟದಲ್ಲಿ ಮಾಮಾ ಅವರ ಪೂರ್ಣ ಹೆಸರು ಮೊದಲನೆಯದು. ಅವರು ಮುಂದಿನ ತಿಂಗಳು ನಿವೃತ್ತರಾಗುತ್ತಿದ್ದಾರೆ. ಪುಣೆಯಲ್ಲಿರುವ ಗೆಳೆಯರು ಬೀಳ್ಕೊಡುಗೆಗೆ ದಯವಿಟ್ಟು ಬನ್ನಿ.