ಸ್ಪೋರ್ಟ್ಸ್ ಕಾರಿನ ಟೈರ್: ಸವೆತದ ಲೆಕ್ಕ ಕೊಳ್ಳುವ ಮೊದಲೇ ತಿಳಿಯಲಿ

ಮಾನ್ಯ ಸಂಪಾದಕರೆ,

ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಟೈರ್ ಮತ್ತು ವೀಲ್ ಅಲೈನ್‌ಮೆಂಟ್ ಅಂಗಡಿ ನಡೆಸುತ್ತಿರುವವನು ನಾನು. ಮೊದಲೆಲ್ಲ ನಮ್ಮ ಬೀದಿಗೆ ಸ್ಪೋರ್ಟ್ಸ್ ಕಾರೊಂದು ಬಂದರೆ ಶಾಲೆ ಬಿಟ್ಟ ಹುಡುಗರೆಲ್ಲ ನೋಡಲು ಸೇರುತ್ತಿದ್ದರು. ಈಗ ತಿಂಗಳಿಗೆ ನಾಲ್ಕೈದು ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಬೆಂಗಳೂರಿನಲ್ಲಿ ಐದಾರು ವರ್ಷ ಓಡಿ, ಸೆಕೆಂಡ್ ಹ್ಯಾಂಡ್ ಆಗಿ ಯುವಕರ ಕೈಗೆ ಬಂದಂಥವು. ವರ್ಷಗಟ್ಟಲೆ ಉಳಿತಾಯ ಮಾಡಿ, ಆಸೆಪಟ್ಟು ಕೊಂಡವರು ಅವರು. ಮೊದಲ ಸಲ ಟೈರ್ ಬದಲಿಸಬೇಕಾಗಿ ಬಂದಾಗ ಅವರು ಕೇಳುವ ಪ್ರಶ್ನೆ ಮಾತ್ರ ಬಹುಪಾಲು ಒಂದೇ: ‘ಹದಿನೈದು ಸಾವಿರ ಕಿಲೋಮೀಟರಿಗೇ ಟೈರ್ ಮುಗಿಯಿತು ಅಂದರೆ ಹೇಗೆ? ನನ್ನ ಹಳೆಯ ಕಾರಿನಲ್ಲಿ ಐವತ್ತು ಸಾವಿರ ಓಡಿತ್ತಲ್ಲ?’ ಹಿಂಬದಿಯ ಒಂದು ಜೊತೆ ಟೈರಿಗೇ ಎಪ್ಪತ್ತು ಸಾವಿರ ರೂಪಾಯಿ ಮೀರುವ ಲೆಕ್ಕ ಕೇಳಿದ ಮೇಲೆ ಆ ಪ್ರಶ್ನೆಯಲ್ಲಿ ಸಿಟ್ಟೂ ಬೆರೆಯುತ್ತದೆ. ತಮಗೆ ಯಾರೋ ಕಳಪೆ ಮಾಲು ಕೊಟ್ಟು ಮೋಸ ಮಾಡಿದ್ದಾರೆ ಎಂದೇ ಅವರು ತಿಳಿಯುತ್ತಾರೆ.

ನಾನು ಕಂಡ ಮಟ್ಟಿಗೆ ಅದು ಕಳಪೆ ಮಾಲಲ್ಲ. ಆ ಟೈರ್ ಬೇಗ ಸವೆಯುವುದು ಅದರ ಗುಣದ ಇನ್ನೊಂದು ಮುಖ. ತಪ್ಪಿರುವುದು ಬೇರೆ ಕಡೆ: ಅಷ್ಟು ದುಬಾರಿಯ, ಅಷ್ಟು ಬೇಗ ಮುಗಿಯುವ, ಮುಗಿಯುತ್ತಿರುವುದು ಮೇಲುನೋಟಕ್ಕೆ ಕಾಣದೆಯೂ ಇರಬಹುದಾದ ವಸ್ತುವೊಂದನ್ನು ಮಾರುವಾಗ, ಅದು ಎಷ್ಟು ಬಾಳುತ್ತದೆ ಎಂಬುದನ್ನು ಕೊಳ್ಳುವವನಿಗೆ ತಿಳಿಸಲೇಬೇಕೆಂಬ ಕಟ್ಟುಪಾಡು ನಮ್ಮಲ್ಲಿ ಇಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ಕಳೆದ ಮಳೆಗಾಲದಲ್ಲಿ ನಮ್ಮ ಖಾಯಂ ಗಿರಾಕಿಯೊಬ್ಬರ ಮಗನ ಕಾರು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ಮದ್ದೂರು ದಾಟಿದ ಮೇಲೆ, ನಿಂತ ನೀರಿನ ಮೇಲೆ ಜಾರಿ, ಒಂದು ಸುತ್ತು ತಿರುಗಿ ತಡೆಬೇಲಿಗೆ ಬಡಿಯಿತು. ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುವ, ಎರಡು ಸೀಟಿನ ಕಾರು ಅದು. ವೇಗ ಮಿತಿಯೊಳಗೇ ಇತ್ತು. ದೇವರ ದಯೆಯಿಂದ ಹುಡುಗನಿಗೆ ಏನೂ ಆಗಲಿಲ್ಲ. ಕಾರನ್ನು ನಮ್ಮಲ್ಲಿಗೆ ತಂದಾಗ ಹಿಂದಿನ ಟೈರ್‌ಗಳನ್ನು ಬಿಚ್ಚಿ ನೋಡಿದೆ. ಹೊರ ಅಂಚಿನಲ್ಲಿ ಟ್ರೆಡ್‌ನ, ಅಂದರೆ ನೆಲ ಮುಟ್ಟುವ ಮೈಯಲ್ಲಿರುವ ತೋಡುಗಳ, ಆಳ ನಾಲ್ಕು ಮಿ.ಮೀ. ಇತ್ತು, ಒಳ ಅಂಚು ಮಾತ್ರ ಕೈಯಾಡಿಸಿದರೆ ನುಣ್ಣಗೆ, ಅಂಗೈಯಷ್ಟೇ ಬೋಳು. ಎರಡು ವಾರದ ಹಿಂದೆ ಅದೇ ಕಾರಿಗೆ ಗಾಳಿ ತುಂಬಿದ ನಮ್ಮ ಹುಡುಗ ನಿಂತಲ್ಲಿಂದಲೇ ಟೈರ್ ನೋಡಿ ‘ಇನ್ನೂ ಓಡುತ್ತದೆ ಸಾರ್’ ಎಂದು ಹೇಳಿ ಕಳಿಸಿದ್ದ. ಅವನಿಗೆ ಒಳಗೆ ಕೈ ಹಾಕಿ ನೋಡಬೇಕೆಂದು ಕಲಿಸದಿದ್ದವನು ನಾನು. ಆ ತಪ್ಪು ನಮ್ಮದೇ. ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಇಂಥ ಟೈರ್ ಏಕೆ ಬೇಗ ಸವೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಾರು ಎಷ್ಟೇ ದೊಡ್ಡದಿರಲಿ, ಒಂದೊಂದು ಚಕ್ರವೂ ನೆಲವನ್ನು ಮುಟ್ಟುವುದು ಹೆಚ್ಚುಕಡಿಮೆ ಒಂದು ಅಂಚೆ ಕಾರ್ಡಿನಷ್ಟು ಜಾಗದಲ್ಲಿ. ಬ್ರೇಕು, ತಿರುವು, ವೇಗ ಎಲ್ಲವೂ ಅಷ್ಟು ಜಾಗದ ಮೂಲಕವೇ ನಡೆಯಬೇಕು. ರಸ್ತೆಯ ಜಲ್ಲಿಯ ಸಣ್ಣ ಸಣ್ಣ ಉಬ್ಬುಗಳ ಸುತ್ತ ರಬ್ಬರು ಮೆತ್ತಗೆ ಒತ್ತಿಕೊಂಡು, ಕ್ಷಣಕಾಲ ಅಂಟಿಕೊಂಡು, ಮತ್ತೆ ಬಿಡಿಸಿಕೊಳ್ಳುವುದರಿಂದ ಹಿಡಿತ ಹುಟ್ಟುತ್ತದೆ. ರಬ್ಬರು ಮೆದುವಾದಷ್ಟೂ ಈ ಅಪ್ಪುಗೆ ಗಟ್ಟಿ. ಬಿಡಿಸಿಕೊಳ್ಳುವಾಗ ಕಿತ್ತುಹೋಗುವ ಕಣಗಳೂ ಅಷ್ಟೇ ಹೆಚ್ಚು. ದೀರ್ಘ ಬಾಳಿಕೆಯ ಟೈರಿನಲ್ಲಿ ಗಟ್ಟಿ ಮಿಶ್ರಣ ಬಳಸಿ, ಹಿಡಿತವನ್ನು ಸ್ವಲ್ಪ ಬಿಟ್ಟುಕೊಟ್ಟು ಆಯುಸ್ಸನ್ನು ಪಡೆಯುತ್ತಾರೆ; ಸ್ಪೋರ್ಟ್ಸ್ ಕಾರಿಗೆ ಹಾಕುವ ಪರ್ಫಾರ್ಮೆನ್ಸ್ ಟೈರಿನಲ್ಲಿ ಆಯುಸ್ಸನ್ನು ಬಿಟ್ಟುಕೊಟ್ಟು ಹಿಡಿತವನ್ನು ಪಡೆಯುತ್ತಾರೆ. ಎರಡನ್ನೂ ಪೂರ್ತಿಯಾಗಿ ಕೊಡುವ ರಬ್ಬರನ್ನು ಯಾವ ಕಂಪನಿಯೂ ಇಂದಿನವರೆಗೆ ಮಾಡಿಲ್ಲ. ಇದರ ತುತ್ತತುದಿಯನ್ನು ನೋಡಬೇಕೆಂದರೆ ಬುಗಾಟಿ ವೇರಾನ್ ಕಾರನ್ನು ನೆನೆಯಬಹುದು: ಗಂಟೆಗೆ 400 ಕಿ.ಮೀ. ಮೀರುವ ಅದರ ಗರಿಷ್ಠ ವೇಗದಲ್ಲೇ ಓಡಿಸುತ್ತ ಹೋದರೆ ಟೈರ್‌ಗಳು ಬಾಳುವುದು ಸುಮಾರು 15 ನಿಮಿಷ ಎಂದು ಹೇಳಲಾಗಿತ್ತು. ಟ್ಯಾಂಕಿನ ಪೆಟ್ರೋಲು ಅದಕ್ಕೂ ಮೊದಲೇ, ಸುಮಾರು 12 ನಿಮಿಷಕ್ಕೆ, ಖಾಲಿಯಾಗುತ್ತಿತ್ತು. ನಮ್ಮ ಊರಿನ ಕಾರುಗಳು ಆ ಮಟ್ಟಕ್ಕೆ ಹೋಗುವುದಿಲ್ಲ. ಆದರೆ ಹಿಡಿತಕ್ಕೆ ಆಯುಸ್ಸನ್ನು ತೆರುವ ವ್ಯಾಪಾರ ಅದೇ.

ರಬ್ಬರಿನ ಮೆದುತನಕ್ಕಿಂತಲೂ ಹೆಚ್ಚಾಗಿ ಗಿರಾಕಿಗಳಿಗೆ ಗೊತ್ತಿಲ್ಲದಿರುವುದು ಚಕ್ರಗಳನ್ನು ಕೂರಿಸಿರುವ ರೀತಿ. ಸ್ಪೋರ್ಟ್ಸ್ ಕಾರಿನ ಚಕ್ರಗಳು ನೆಟ್ಟಗೆ ನಿಂತಿರುವುದಿಲ್ಲ. ಅವುಗಳ ಮೇಲ್ತುದಿ ಒಳಕ್ಕೆ ಸ್ವಲ್ಪ ವಾಲಿರುತ್ತದೆ. ಇದನ್ನು ನೆಗೆಟಿವ್ ಕ್ಯಾಂಬರ್ ಎನ್ನುತ್ತೇವೆ. ತಿರುವಿನಲ್ಲಿ ಕಾರು ಹೊರಕ್ಕೆ ಬಾಗಿದಾಗ ಟೈರ್ ಪೂರ್ತಿ ಅಗಲಕ್ಕೂ ನೆಲವನ್ನು ಹಿಡಿಯಲಿ ಎಂಬುದೇ ಈ ವಾಲಿಕೆಯ ಉದ್ದೇಶ. ಆದರೆ ಹೆದ್ದಾರಿಯಲ್ಲಿ ನೇರವಾಗಿಯೇ ಓಡುವ ಕಾರಿನಲ್ಲಿ ಭಾರ ಹೆಚ್ಚಾಗಿ ಒಳ ಅಂಚಿನ ಮೇಲೆ ಬೀಳುತ್ತದೆ. ಅದರ ಜೊತೆಗೆ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳು ಒಂದಕ್ಕೊಂದು ಒಳಮುಖವೋ ಹೊರಮುಖವೋ ಆಗಿರುವ ಅಳತೆ, ತಪ್ಪಿದ್ದರೆ ಸವೆತ ಹಲವು ಪಟ್ಟು ಹೆಚ್ಚುತ್ತದೆ. ಒಂದು ಚಕ್ರದ ಟೋ ಅರ್ಧ ಡಿಗ್ರಿ ತಪ್ಪಿದರೆ ಪ್ರತಿ ಕಿಲೋಮೀಟರಿಗೆ ಆ ಟೈರನ್ನು ಸುಮಾರು ಒಂಬತ್ತು ಮೀಟರ್ ಪಕ್ಕಕ್ಕೆ ಎಳೆದಂತೆ ಆಗುತ್ತದೆ. ಮೈಸೂರಿನಿಂದ ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ರಬ್ಬರನ್ನು ಟಾರಿಗೆ ಉಜ್ಜಿದ ಲೆಕ್ಕ. ನಮ್ಮ ರಸ್ತೆಗಳಲ್ಲಿ ಒಂದು ಗುಂಡಿಗೆ ಬಲವಾಗಿ ಬಿದ್ದರೂ ಟೋ ಅಷ್ಟು ತಪ್ಪಬಲ್ಲುದು, ಸ್ಟೀರಿಂಗ್ ಹಿಡಿದವರಿಗೆ ಅದು ಗೊತ್ತಾಗದೆಯೂ ಇರಬಹುದು. ಆದ್ದರಿಂದ ಇಂಥ ಕಾರುಗಳ ಅಲೈನ್‌ಮೆಂಟನ್ನು ಐದು ಸಾವಿರ ಕಿಲೋಮೀಟರಿಗೊಮ್ಮೆಯಾದರೂ ನೋಡಿಸಬೇಕು, ಅದೂ ನಾಲ್ಕೂ ಚಕ್ರಗಳದ್ದು. ಮುಂದಿನ ಎರಡನ್ನು ಮಾತ್ರ ಸರಿಪಡಿಸಿ ಕಳಿಸುವ ರೂಢಿ ಇನ್ನೂ ಅನೇಕ ಅಂಗಡಿಗಳಲ್ಲಿದೆ. ಹಿಂದಿನ ಟೈರೇ ಮೊದಲು ಮುಗಿಯುವ ಕಾರಿಗೆ ಅದರಿಂದ ಏನು ಪ್ರಯೋಜನ?

ಹಿಂದಿನ ಟೈರೇ ಮೊದಲು ಮುಗಿಯುವುದಕ್ಕೆ ಇನ್ನೊಂದು ಕಾರಣವೂ ಉಂಟು. ಸಾಮಾನ್ಯ ಕಾರಿನಲ್ಲಿ ಎಂಟು–ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನ ಟೈರನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ಬದಲಿಸಿ ಸವೆತವನ್ನು ನಾಲ್ಕಕ್ಕೂ ಹಂಚುತ್ತೇವೆ. ಆದರೆ ಪೋರ್ಷೆ 718 ಕೇಮನ್ ಎಸ್ ಎಂಬ ಸ್ಪೋರ್ಟ್ಸ್ ಕಾರನ್ನು ತೆಗೆದುಕೊಳ್ಳಿ: ಮುಂದೆ 235 ಮಿ.ಮೀ. ಅಗಲದ ಟೈರ್, ಹಿಂದೆ 265. ಅದಲು ಬದಲು ಮಾಡುವಂತೆಯೇ ಇಲ್ಲ. ಎಂಜಿನ್ನಿನ ಶಕ್ತಿಯನ್ನೆಲ್ಲ ನೆಲಕ್ಕೆ ದಾಟಿಸುವ ಆ ಎರಡು ಟೈರ್‌ಗಳೇ ಕೊನೆಯವರೆಗೆ ದುಡಿಯಬೇಕು. ನನ್ನ ಅಂಗಡಿಯ ಪುಸ್ತಕದಲ್ಲಿ ಬರೆದಿಟ್ಟಿರುವಂತೆ ಹಿಂಚಕ್ರ ಚಾಲನೆಯ ಕಾರುಗಳ ಹಿಂದಿನ ಟೈರ್‌ಗಳು 12,000ದಿಂದ 18,000 ಕಿ.ಮೀ.ಗೆ, ಮುಂದಿನವು 25,000ದ ಆಸುಪಾಸಿಗೆ ಬದಲಾಗಿವೆ. ಇದು ನಮ್ಮೂರಿನ ಒಂದು ಅಂಗಡಿಯ ಲೆಕ್ಕ ಮಾತ್ರ. ಓಡಿಸುವವರ ಕಾಲು, ರಸ್ತೆ, ಗಾಳಿಯ ಒತ್ತಡ ಇವುಗಳ ಮೇಲೆ ಹೆಚ್ಚುಕಡಿಮೆ ಆಗುತ್ತದೆ.

ಬಾಳಿಕೆಯನ್ನು ಅಳೆದು ಹೇಳಲು ಸಾಧ್ಯವೇ ಇಲ್ಲ ಎಂದು ಕೆಲವರು ವಾದಿಸುತ್ತಾರೆ. ಹಾಗೇನಿಲ್ಲ. ಅಮೆರಿಕದಲ್ಲಿ ಮಾರುವ ಕಾರಿನ ಟೈರ್‌ಗಳ ಪಕ್ಕದಲ್ಲಿ ‘ಟ್ರೆಡ್‌ವೇರ್’ ಎಂಬ ಅಂಕಿಯನ್ನು ಅಚ್ಚೊತ್ತಬೇಕೆಂದು ಅಲ್ಲಿನ ಸರ್ಕಾರ ಎಂದೋ ಕಡ್ಡಾಯ ಮಾಡಿದೆ. ಪಶ್ಚಿಮ ಟೆಕ್ಸಾಸ್‌ನಲ್ಲಿ ಸುಮಾರು 640 ಕಿ.ಮೀ.ಯ ಒಂದು ಸುತ್ತುದಾರಿಯಲ್ಲಿ ಕಾರುಗಳನ್ನು ಹನ್ನೊಂದು ಸಾವಿರ ಕಿ.ಮೀ.ಗೂ ಹೆಚ್ಚು ಓಡಿಸಿ, ಜೊತೆಗೆ ಓಡುವ ಮಾದರಿ ಟೈರ್‌ನ ಸವೆತದೊಂದಿಗೆ ಹೋಲಿಸಿ ಈ ಅಂಕಿಯನ್ನು ನಿರ್ಧರಿಸುತ್ತಾರೆ. 200 ಅಂಕದ್ದು 100 ಅಂಕದ್ದಕ್ಕಿಂತ ಆ ಪರೀಕ್ಷೆಯಲ್ಲಿ ಎರಡು ಪಟ್ಟು ಬಾಳಿತು ಎಂದರ್ಥ. ಮಿಶಲಿನ್ ಪೈಲಟ್ ಸ್ಪೋರ್ಟ್ 4ಎಸ್ ಟೈರ್ ಮೇಲೆ 300 ಎಂದಿರುತ್ತದೆ. ರೇಸ್ ಟ್ರ್ಯಾಕಿಗೂ ಒಯ್ಯಬಹುದಾದ ಪೈಲಟ್ ಸ್ಪೋರ್ಟ್ ಕಪ್ 2 ಮೇಲೆ ಸಾಮಾನ್ಯವಾಗಿ 180. ಸಂಸಾರಸ್ಥರ ಕಾರಿನ ಟೈರ್‌ಗಳಲ್ಲಿ 500, 600 ಎಂಬ ಅಂಕಿಗಳನ್ನೂ ನೋಡಿದ್ದೇನೆ. ಅಂಕಿಯನ್ನು ಕೊಡುವವರು ತಯಾರಕರೇ ಆದ್ದರಿಂದ ಒಂದು ಕಂಪನಿಯ 300ನ್ನೂ ಇನ್ನೊಂದು ಕಂಪನಿಯ 300ನ್ನೂ ಸಮ ಎಂದು ಕಣ್ಣುಮುಚ್ಚಿ ನಂಬುವಂತಿಲ್ಲ. ಆದರೂ 180ಕ್ಕೂ 500ಕ್ಕೂ ಇರುವ ಅಂತರವನ್ನು ಕೊಳ್ಳುವ ಮೊದಲು ಒಬ್ಬರು ತೋರಿಸಿದ್ದರೆ ನನ್ನ ಗಿರಾಕಿಗಳಲ್ಲಿ ಅರ್ಧದಷ್ಟು ಜನರಿಗೆ ಆ ಆಘಾತವೇ ಆಗುತ್ತಿರಲಿಲ್ಲ.

ನಮ್ಮ ದೇಶದಲ್ಲಿ ಟೈರ್‌ಗೆ ಐಎಸ್‌ಐ ಗುರುತು ಕಡ್ಡಾಯ. 2022ರಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಹೊರಡಿಸಿದ ಅಧಿಸೂಚನೆಯಂತೆ ಉರುಳುವಾಗಿನ ಪ್ರತಿರೋಧ, ಒದ್ದೆ ರಸ್ತೆಯ ಹಿಡಿತ, ಸದ್ದು ಈ ಮೂರಕ್ಕೂ ಎಐಎಸ್ 142 ಎಂಬ ಮಾನದಂಡ ಬಂತು. ಇದು ಒಳ್ಳೆಯ ಹೆಜ್ಜೆ. ವಿಶೇಷವಾಗಿ ಒದ್ದೆ ರಸ್ತೆಯ ಹಿಡಿತವನ್ನು ಪರೀಕ್ಷೆಗೆ ಒಳಪಡಿಸಿದ್ದು. ಆದರೆ ಆ ಮೂರರಲ್ಲಿ ಸವೆತ ಇಲ್ಲ. ಯುರೋಪಿನ ಒಕ್ಕೂಟ 2024ರಲ್ಲಿ ಅಂಗೀಕರಿಸಿದ, ವಾಹನ ಮಾಲಿನ್ಯದ ಯೂರೋ 7 ನಿಯಮಗಳಲ್ಲಿ ಮೊದಲ ಬಾರಿಗೆ ಟೈರ್ ಸವೆತಕ್ಕೂ ಮಿತಿ ಹಾಕಲು ಹೊರಟಿದೆ. ಅವರ ಕಾಳಜಿ ಇರುವುದು ಸವೆದ ರಬ್ಬರಿನ ಕಣಗಳು ಮಣ್ಣಿಗೂ ನೀರಿಗೂ ಸೇರುವುದರ ಬಗ್ಗೆ. ಕಾರಣ ಯಾವುದೇ ಇರಲಿ, ಪ್ರತಿ ಟೈರ್ ಕಿಲೋಮೀಟರಿಗೆ ಎಷ್ಟು ರಬ್ಬರು ಉದುರಿಸುತ್ತದೆ ಎಂದು ತಯಾರಕರು ಅಳೆಯಲೇಬೇಕಾದ ಮೇಲೆ, ಆ ಅಂಕಿಯನ್ನು ಭಾರತದ ಗಿರಾಕಿಗೂ ತಿಳಿಸಲು ಅಡ್ಡಿ ಏನೆಂಬುದು ನನಗೆ ತಿಳಿಯುತ್ತಿಲ್ಲ.

ಈ ಮಾಹಿತಿ ಇಲ್ಲದಿರುವುದರಿಂದ ಜನ ಎರಡು ತಪ್ಪು ದಾರಿ ಹಿಡಿಯುತ್ತಾರೆ. ಮೊದಲನೆಯದು, ಖರ್ಚಿಗೆ ಹೆದರಿ ಕೊನೆಯ ಎಳೆಯವರೆಗೂ ಓಡಿಸುವುದು. ಟ್ರೆಡ್‌ನ ತೋಡುಗಳ ನಡುವೆ ಅಲ್ಲಲ್ಲಿ ಕಾಣುವ ಸಣ್ಣ ಅಡ್ಡಪಟ್ಟಿ 1.6 ಮಿ.ಮೀ.ಯ ಗುರುತು, ಅದು ಟೈರ್ ಮೇಲ್ಮೈಗೆ ಸಮವಾದರೆ ಕಾನೂನಿನ ಪ್ರಕಾರವೇ ಟೈರ್ ಸತ್ತಂತೆ. ಆದರೆ ಮಳೆಗಾಲಕ್ಕೆ ಅಲ್ಲಿಯವರೆಗೆ ಕಾಯುವುದು ಅಪಾಯ. ಅಗಲವಾದ ಟೈರ್ ತನ್ನ ಅಡಿಯಿಂದ ಹೆಚ್ಚು ನೀರನ್ನು ಸರಿಸಬೇಕು; ತೋಡುಗಳಲ್ಲಿ ಆಳವಿಲ್ಲದಿದ್ದರೆ ನೀರು ಹೋಗಲು ದಾರಿಯಿಲ್ಲದೆ ಟೈರ್ ನೀರಿನ ಮೇಲೆ ತೇಲುತ್ತದೆ. ಆದ್ದರಿಂದ 3 ಮಿ.ಮೀ.ಗೆ ಬಂದಾಗಲೇ ಬದಲಿಸಿ ಎಂದು ನಾನು ಹೇಳುತ್ತೇನೆ. ಹೊಸ ಪರ್ಫಾರ್ಮೆನ್ಸ್ ಟೈರಿನ ಆಳವೇ ಏಳೆಂಟು ಮಿ.ಮೀ. ಇರುವಾಗ, ನಿಜವಾಗಿ ಬಳಸಲು ಸಿಗುವುದು ನಾಲ್ಕೈದು ಮಿ.ಮೀ. ಮಾತ್ರ ಎಂಬುದನ್ನು ಕೊಳ್ಳುವಾಗಲೇ ಲೆಕ್ಕಕ್ಕೆ ಹಿಡಿಯಬೇಕು.

ಎರಡನೆಯದು, ಹಿಂದಕ್ಕೆ ಮಾತ್ರ ಗಟ್ಟಿ ರಬ್ಬರಿನ ಅಗ್ಗದ ಟೈರ್ ಹಾಕಿಸಿ, ಮುಂದೆ ಹಳೆಯ ಮೆದು ಟೈರ್‌ಗಳನ್ನೇ ಉಳಿಸಿಕೊಳ್ಳುವುದು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರ್ ಆಮದನ್ನು ಪರವಾನಗಿಯ ನಿರ್ಬಂಧಕ್ಕೆ ಒಳಪಡಿಸಿದ ಮೇಲೆ ಅಪರೂಪದ ಅಳತೆಗಳಿಗೆ ವಾರಗಟ್ಟಲೆ ಕಾಯಬೇಕಾಗಿ ಬಂದಾಗ ಎಷ್ಟೋ ಜನ ಹೀಗೆ ಮಾಡಿದರು, ಅವರನ್ನು ದೂರಲಾರೆ. ಆದರೆ ಹಿಂದಿನ ಹಿಡಿತ ಮುಂದಿನದಕ್ಕಿಂತ ಕಡಿಮೆಯಾದ ಕಾರು ಒದ್ದೆ ತಿರುವಿನಲ್ಲಿ ಬಾಲ ಬೀಸುತ್ತದೆ. ಅದನ್ನು ಸಂಭಾಳಿಸುವುದು ನುರಿತವರಿಗೂ ಕಷ್ಟ. ಊರೊಳಗೆ ಆಫೀಸಿಗೆ ಹೋಗಿ ಬರಲು ಮಾತ್ರ ಕಾರು ಬಳಸುವವರು 400ರ ಮೇಲಿನ ಟ್ರೆಡ್‌ವೇರ್ ಅಂಕದ ಟೈರ್ ಆರಿಸಿಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ, ಅದು ವಿವೇಕದ ಆಯ್ಕೆಯೇ. ಆದರೆ ಅಳತೆ, ಟೈರ್ ತಾಳುವ ಭಾರ ಮತ್ತು ವೇಗದ ಸೂಚಿ ಕಾರು ತಯಾರಕರು ಹೇಳಿದಂತೆ ಇರಬೇಕು, ಮತ್ತು ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕು.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಟೈರ್‌ನ ಪಕ್ಕದಲ್ಲಿರುವ ನಾಲ್ಕಂಕಿಯ ಗುರುತನ್ನೂ ನೋಡಬೇಕು. 2319 ಎಂದಿದ್ದರೆ ಅದು 2019ರ ಇಪ್ಪತ್ಮೂರನೆಯ ವಾರದಲ್ಲಿ ತಯಾರಾದದ್ದು. ಗ್ಯಾರೇಜಿನಲ್ಲೇ ನಿಂತಿದ್ದ ಕಾರಿನ ಟೈರಿನಲ್ಲಿ ಆಳ ಚೆನ್ನಾಗಿಯೇ ಕಾಣುತ್ತದೆ, ಆದರೆ ರಬ್ಬರು ಒಣಗಿ ಗಟ್ಟಿಯಾಗಿ ಹಿಡಿತ ಹೋಗಿರುತ್ತದೆ.

ರಸ್ತೆ ಸಾರಿಗೆ ಸಚಿವಾಲಯದಲ್ಲಿ ನನ್ನ ಕೋರಿಕೆ ಒಂದೇ: ಈಗಿರುವ ಮೂರು ಅಳತೆಗಳ ಜೊತೆಗೆ ಸವೆತದ ಅಂಕಿಯನ್ನೂ ಸೇರಿಸಿ, ಅದನ್ನು ಟೈರ್ ಮೇಲೆಯೂ ಮಾರಾಟದ ಬಿಲ್ಲಿನ ಮೇಲೆಯೂ ಕಾಣಿಸುವಂತೆ ಕಡ್ಡಾಯ ಮಾಡಬೇಕು. ಕಾರು ಮಾರುವವರು, ಹೊಸದಿರಲಿ ಹಳೆಯದಿರಲಿ, ಕಾಗದಪತ್ರದ ಜೊತೆಗೆ ನಾಲ್ಕೂ ಟೈರ್‌ಗಳ ಆಳ ಮತ್ತು ತಯಾರಿಕೆಯ ವಾರವನ್ನು ಬರೆದುಕೊಡಬೇಕು. ಇದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಟ್ರೆಡ್ ಆಳ ಅಳೆಯುವ ಗೇಜು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಮದ್ದೂರಿನ ಆ ಘಟನೆಯ ನಂತರ ನಮ್ಮಲ್ಲಿ, ಗಾಳಿ ತುಂಬಿಸಲಷ್ಟೇ ಬಂದ ಕಾರಿಗೂ ಹುಡುಗರು ಬಗ್ಗಿ ಒಳಗೆ ಗೇಜು ಹಿಡಿದು, ಒಳ ಅಂಚು, ನಡು, ಹೊರ ಅಂಚು ಎಂದು ಒಂದೊಂದು ಟೈರಿಗೆ ಮೂರು ಅಂಕಿಗಳನ್ನು ಚೀಟಿಯಲ್ಲಿ ಬರೆದು ಗಿರಾಕಿಯ ಕೈಗೆ ಕೊಡುತ್ತಿದ್ದಾರೆ.

ಇತಿ,
ಟೈರ್ ಅಂಗಡಿಯ ಮಾಲೀಕ,
ಮೈಸೂರು