ಮುರೀಬೇಕಾದ್ದು ರಾಡು, ಮೂಳೆ ಅಲ್ಲ

ಮಾನ್ಯ ಸಂಪಾದಕರೇ,

ತೊಡೆ ಮೂಳೆ ಒಳಗೇ ಟೈಟಾನಿಯಂ ಕೂರಿಸಿ ಅದಕ್ಕೆ ಕೃತಕ ಕಾಲು ಸಿಕ್ಕಿಸೋ ಆಪರೇಷನ್ ಬಗ್ಗೆ ಹೋದ ವಾರ ನಿಮ್ಮ ಪೇಪರಲ್ಲಿ ಬಂದಿತ್ತಲ್ಲ, ಅಂಗಡೀಲಿ ಟೀ ಆರಿ ಹೋಗೋವರೆಗೂ ಎರಡು ಸಲ ಓದಿದೆ. ನಾನು ಚಿಂತಾಮಣೀಲಿ ಟ್ರ್ಯಾಕ್ಟರ್ ರಿಪೇರಿ ಮಾಡೋನು, ಎಡಗಾಲು ಮಂಡಿ ಮೇಲಿಂದ ಇಲ್ಲ, ಹನ್ನೊಂದು ವರ್ಷದಿಂದ ಸಾಕೆಟ್ ಕಾಲು, ಅಂದ್ರೆ ಉಳಿದ ತೊಡೇನ ಒಂದು ಬಟ್ಟಲಿನೊಳಗೆ ತೂರಿಸಿ ಹಾಕ್ಕೊಳ್ಳೋ ಕೃತಕ ಕಾಲು. ಏಪ್ರಿಲ್ ಬಂತು ಅಂದ್ರೆ ಸಾಕೆಟ್ ಒಳಗೆ ಬೆವರು ನಿಂತು ಚರ್ಮ ಸುಲಿದು ಬರುತ್ತೆ, ಮಧ್ಯಾಹ್ನದ ಮೇಲೆ ಕಾಲು ಬಿಚ್ಚಿಟ್ಟು ಸ್ಟೂಲ್ ಮೇಲೆ ಕೂತೇ ಕೆಲಸ. ಸಾಕೆಟ್ಟೇ ಬೇಡ ಅಂದ್ರೆ ಆಸೆ ಆಗ್ದೆ ಇರುತ್ತಾ?

ಆದ್ರೆ ‘ಉಕ್ಕಿನಷ್ಟು ಗಟ್ಟಿ, ಮುರಿಯೋ ಭಯವೇ ಇಲ್ಲ’ ಅಂತ ಬರ್ದಿದೀರಲ್ಲ, ಅಲ್ಲೇ ನನ್ ತಕರಾರು. ಟ್ರ್ಯಾಕ್ಟರ್ ಹಿಂದೆ ಕಟ್ಟಿ ಮಣ್ಣು ಪುಡಿ ಮಾಡೋ ರೋಟವೇಟರ್ ಶಾಫ್ಟಲ್ಲಿ ಒಂದು ಶಿಯರ್ ಬೋಲ್ಟ್ ಇರುತ್ತೆ, ಕಲ್ಲು ಸಿಕ್ಕಿದ್ರೆ ಕಟ್ಟಾಗ್ಲಿ ಅಂತ್ಲೇ ಹಾಕಿರೋದು. ಪದೇ ಪದೇ ಕಟ್ಟಾಗುತ್ತೆ ಅಂತ ಕೆಲವರು ಹಟ ಮಾಡಿ ಸುಲಭಕ್ಕೆ ಕಟ್ಟಾಗದ ಹೈಟೆನ್ಸೈಲ್ ಬೋಲ್ಟ್ ಹಾಕ್ಕೊಂಡು ಹೋಗ್ತಾರೆ, ಆಮೇಲೆ ಗೇರ್‌ಬಾಕ್ಸೇ ಹೊತ್ಕೊಂಡು ಬರ್ತಾರೆ. ಇಲ್ಲಿ ಗೇರ್‌ಬಾಕ್ಸ್ ಅಂದ್ರೆ ನನ್ ತೊಡೆ ಮೂಳೆ ಸ್ವಾಮಿ.

ಸ್ವೀಡನ್ನಿನ ಗೋಥೆನ್‌ಬರ್ಗಲ್ಲಿ 1990ರಲ್ಲಿ ತೊಡೆಗೆ ಮೊದಲು ಮಾಡಿದ ಪದ್ಧತೀಲಿ ಮೂಳೆ ಒಳಗೊಂದು ಸ್ಕ್ರೂ, ಚರ್ಮದಿಂದ ಹೊರಗೆ ಬರೋ ರಾಡೊಂದು, ಎರಡನ್ನೂ ಹಿಡಿಯೋ ಬೋಲ್ಟೊಂದು. ಬಗ್ಗೋದು, ಮುರಿಯೋದು ಹೆಚ್ಚಾಗಿ ಆ ರಾಡು ಮತ್ತೆ ಬೋಲ್ಟು, ಒಳಗಿನ ಸ್ಕ್ರೂ ಮುಟ್ಟದೇನೇ ಅವನ್ನ ಬದಲಾಯಿಸಬಹುದು. ಬಿದ್ದಾಗ ಮೂಳೆ ಮೇಲೆ ಭಾರ ಬೀಳದೆ ಬಿಟ್ಕೊಳ್ಳೋ ಹಂಗೆ ರಾಡಿಗೂ ಕಾಲಿಗೂ ನಡುವೆ ಒಂದು ಸೇಫ್ಟಿ ಕಪ್ಲಿಂಗೂ ಹಾಕ್ತಾರೆ. ಇದನ್ನೆಲ್ಲ ಒಂದು ಸಾಲು ಬರೆದಿದ್ರೆ ಏನ್ ಹೋಗ್ತಿತ್ತು.

ಇನ್ನೊಂದು, ಲೋಹ ಒಂದೇ ಏಟಿಗೆ ಹೋಗೋದು ಕಮ್ಮಿ, ಬೈಂಡಿಂಗ್ ತಂತಿನ ಆ ಕಡೆ ಈ ಕಡೆ ಬಗ್ಗಿಸ್ತಾ ಇದ್ರೆ ಹೆಂಗೆ ತುಂಡಾಗುತ್ತೋ ಹಂಗೆ ದಣಿದು ಮುರಿಯೋದೇ ಜಾಸ್ತಿ. ದಿನಕ್ಕೆ 5000 ಹೆಜ್ಜೆ ಇಟ್ರೆ ಆ ಒಂದು ಕಾಲಿಗೆ 2500, ವರ್ಷಕ್ಕೆ 9 ಲಕ್ಷ ಸಲ ಭಾರ ಬೀಳುತ್ತೆ. ಬಿಡಿಭಾಗ ಅಂದ್ಮೇಲೆ ಸವೆಯುತ್ತೆ, ಅದೇನು ಅವಮಾನ ಅಲ್ಲ. ಗಟ್ಟಿ ಜಾಸ್ತಿ ಆದ್ರೂ ಕಷ್ಟಾನೇ, ಟೈಟಾನಿಯಂ ಮೂಳೆಗಿಂತ ಐದಾರು ಪಟ್ಟು ಬಿಗಿ, ಅಂದ್ರೆ ಅಷ್ಟು ಸುಲಭಕ್ಕೆ ಬಗ್ಗಲ್ಲ, ಭಾರ ಎಲ್ಲ ಅದೇ ಹೊತ್ಕೊಂಡ್ರೆ ಸುತ್ತಲಿನ ಮೂಳೆ ಕೆಲಸ ಇಲ್ದೆ ಸಣ್ಣಗಾಗುತ್ತೆ. ಡಾಕ್ಟರು ಮೊದಲು ಸ್ಕ್ರೂ, ಆಮೇಲೆ ರಾಡು ಅಂತ ಎರಡು ಆಪರೇಷನ್ ಮಾಡ್ತಾರೆ, ಮೂಳೆ ಸ್ಕ್ರೂಗೆ ಕೂಡ್ಕೊಳ್ಳಲಿ ಅಂತ ನಡುವೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬಿಟ್ಟು, ಆಮೇಲೂ ಮೂಳೆ ನಿಧಾನಕ್ಕೆ ಭಾರಕ್ಕೆ ಒಗ್ಗಲಿ ಅಂತ ತೂಕದ ಮೆಷಿನ್ ಮೇಲೆ ಕಾಲೂರಿಸಿ 20 ಕೆಜಿಯಿಂದ ಶುರು ಮಾಡಿ ವಾರ ವಾರ ಏರಿಸೋದು. ಚರ್ಮದ ಹತ್ರ ಕೀವಾಗೋ ವಿಷಯ ನೀವೇ ಬರ್ದಿದೀರಿ, ಬಿಡಿ.

ನನಗೆ ಬೇಕಾಗಿದ್ದು ಇಷ್ಟು. ಆ ರಾಡು ಬಗ್ಗಿದ್ರೆ ಸ್ಪೇರು ಬೆಂಗಳೂರಲ್ಲಿ ಸಿಗುತ್ತಾ, ಎಷ್ಟಾಗುತ್ತೆ, ಎಷ್ಟು ದಿನ ಕಾಯ್ಬೇಕು? ರಾಡು ಹೊರಗೆ ಚಾಚ್ಕೊಂಡಿರುವಾಗ ಹಳೇ ಸಾಕೆಟ್ ಕಾಲೂ ಹಾಕೋಕಾಗಲ್ಲ, ಅಷ್ಟು ದಿನ ನಾನು ಯಾವ ಕಾಲಲ್ಲಿ ಅಂಗಡಿ ಬಾಗಿಲು ತೆಗೀಲಿ? ಮುಂದಿನ ಸಲ ಡಾಕ್ಟರ್ ಸಿಕ್ಕಾಗ ಇದನ್ನ ಕೇಳಿ ಬರೀರಿ.

ಇತಿ,
ಒಬ್ಬ ಓದುಗ, ಚಿಂತಾಮಣಿ