ಹರಾಜಿಗೆ ಮೊದಲೇ ನಿಯಮ ಬರೆದಿಡಿ

ಸಂಪಾದಕರಿಗೆ,

ಮಾನ್ಯರೇ,

ಆಟಗಾರನೊಬ್ಬ ಹೆಂಡತಿಗೆ ಹೊಡೆದನೆಂದು ಠಾಣೆಗೆ ದೂರು ಹೋದರೆ ಸಂಘಟಕರ ಬಾಯಲ್ಲಿ ಬರುವ ಮಾತು ಎರಡೇ. ‘ಅದು ಅವರ ಮನೆ ವಿಷಯ’ ಎಂಬುದು ಒಂದು. ‘ಕೋರ್ಟು ತೀರ್ಮಾನ ಮಾಡಲಿ, ಆಮೇಲೆ ನೋಡುವ’ ಎಂಬುದು ಇನ್ನೊಂದು. ಮೊದಲನೆಯದಕ್ಕೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯೇ ಉತ್ತರ ಕೊಟ್ಟಾಗಿದೆ. ಎರಡನೆಯದು ಕೇಳಲು ನ್ಯಾಯದ ಮಾತಿನಂತೆಯೇ ಇದೆ, ಹಾಗಾಗಿ ಅದೇ ಹೆಚ್ಚು ಅಪಾಯಕಾರಿ. ಕರಾವಳಿಯಲ್ಲಿ ಹೊನಲು ಬೆಳಕಿನ ಕಬಡ್ಡಿ ಮತ್ತು ಹರಾಜಿನ ಕ್ರಿಕೆಟ್ ಲೀಗುಗಳ ಕಾಲ ಶುರುವಾಗುವ ಮೊದಲೇ ಸಂಘಟಕರು ಈ ಬಗ್ಗೆ ಯೋಚಿಸಬೇಕೆಂದು ಇದನ್ನು ಬರೆಯುತ್ತಿದ್ದೇವೆ.

ಶಿಸ್ತುಕ್ರಮ ನಮ್ಮ ಕ್ರೀಡೆಗೆ ಹೊಸದೇನಲ್ಲ. ಐಪಿಎಲ್‌ನಲ್ಲಿ ಓವರುಗಳು ತಡವಾದರೆ ಮೊದಲ ತಪ್ಪಿಗೇ ನಾಯಕನಿಗೆ 12 ಲಕ್ಷ ರೂಪಾಯಿ ದಂಡ ಬಿದ್ದದ್ದನ್ನು ಎಷ್ಟೋ ಸಲ ಓದಿದ್ದೇವೆ. ಉದ್ದೇಶಪೂರ್ವಕ ಉದ್ದೀಪನ ಮದ್ದಿಗೆ ನಾಲ್ಕು ವರ್ಷ ನಿಷೇಧ. 2019ರಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಹೆಣ್ಣುಮಕ್ಕಳ ಬಗ್ಗೆ ಆಡಿದ ಮಾತಿಗಾಗಿ ಭಾರತ ತಂಡದ ಇಬ್ಬರು ಆಟಗಾರರನ್ನು ಆಸ್ಟ್ರೇಲಿಯಾ ಪ್ರವಾಸದಿಂದ ವಾಪಸ್ ಕರೆಸಿ, ಬಳಿಕ ತಲಾ 20 ಲಕ್ಷ ದಂಡ ಹಾಕಲಾಯಿತು. ಅವರಲ್ಲೊಬ್ಬರು ನಮ್ಮ ಸುರತ್ಕಲ್‌ನಲ್ಲೇ ಬೆಳೆದವರು. ಅದರ ಹಿಂದಿನ ವರ್ಷ ವೇಗದ ಬೌಲರ್ ಒಬ್ಬರ ಮೇಲೆ ಪತ್ನಿ ಹಿಂಸೆಯ ದೂರು ಕೊಟ್ಟು, ಮ್ಯಾಚ್ ಫಿಕ್ಸಿಂಗ್ ಆರೋಪವನ್ನೂ ಮಾಡಿದಾಗ ಭಾರತೀಯ ಕ್ರಿಕೆಟ್ ಮಂಡಳಿ ಅವರ ಗುತ್ತಿಗೆಯನ್ನು ತಡೆಹಿಡಿದು, ಭ್ರಷ್ಟಾಚಾರ ತಡೆ ಘಟಕದಿಂದ ಫಿಕ್ಸಿಂಗ್ ಆರೋಪವನ್ನು ಮಾತ್ರ ವಿಚಾರಣೆ ಮಾಡಿಸಿ, ಅದರಲ್ಲಿ ಹುರುಳಿಲ್ಲವೆಂದಾದ ಕೂಡಲೇ ಗುತ್ತಿಗೆ ಕೊಟ್ಟಿತು. ಆ ಆಟಗಾರ ಆರೋಪಗಳನ್ನೆಲ್ಲ ಅಲ್ಲಗಳೆದಿದ್ದರು; ಅದರ ಸತ್ಯಾಸತ್ಯತೆಯ ಬಗ್ಗೆ ನಾವು ಏನೂ ಹೇಳುತ್ತಿಲ್ಲ. ಬಾಯಿ ಜಾರಿದ್ದಕ್ಕೆ ಒಂದು ದಾರಿ ಕಂಡುಕೊಂಡ ಮಂಡಳಿಗೆ ಕೈ ಎತ್ತಿದ್ದನ್ನು ವಿಚಾರಿಸುವ ದಾರಿ ಇರಲಿಲ್ಲ, ನಮ್ಮ ತಕರಾರು ಅಷ್ಟೇ.

ಕೋರ್ಟಿನ ತೀರ್ಪಿಗೆ ಕಾಯುವುದರಲ್ಲಿ ಇರುವ ತೊಡಕೇನು? ಗಂಡನ ಕ್ರೌರ್ಯದ ಪ್ರಕರಣ, ಅಂದರೆ ಹಿಂದಿನ ಭಾರತೀಯ ದಂಡ ಸಂಹಿತೆಯ 498ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ, ವರ್ಷಗಟ್ಟಲೆ ನಡೆಯುತ್ತದೆ. ಎಷ್ಟೋ ಪ್ರಕರಣಗಳು ನಡುವೆಯೇ ರಾಜಿಯಾಗಿ ಹೈಕೋರ್ಟಿನಲ್ಲಿ ರದ್ದಾಗುತ್ತವೆ. ವಿಚ್ಛೇದನ, ಜೀವನಾಂಶ, ಮಗುವಿನ ಸುಪರ್ದಿ ಎಲ್ಲ ಒಂದೇ ಕಾಗದದಲ್ಲಿ ಮುಗಿಯುತ್ತವೆ. ‘ಕೇಸು ಬಿದ್ದುಹೋಯಿತು’ ಎಂದರೆ ಹೊಡೆದಿಲ್ಲ ಎಂದು ಯಾರೂ ತೀರ್ಪು ಕೊಟ್ಟಂತಲ್ಲ.

ಕ್ರಿಮಿನಲ್ ಮೊಕದ್ದಮೆ ನಡೆಯುತ್ತಿರುವಾಗಲೇ ಇಲಾಖಾ ವಿಚಾರಣೆಯನ್ನೂ ನಡೆಸಬಹುದೆಂದು ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿತು. ಅದು ನಮ್ಮ ಕೆಜಿಎಫ್‌ನ ಭಾರತ್ ಗೋಲ್ಡ್ ಮೈನ್ಸ್‌ನ ನೌಕರರೊಬ್ಬರ ಪ್ರಕರಣ. ಅಲ್ಲಿ ಕೊನೆಗೆ ಗೆದ್ದದ್ದು ನೌಕರ. ಅಮಾನತಿನಲ್ಲಿಟ್ಟು ಜೀವನ ನಿರ್ವಹಣೆ ಭತ್ಯೆಯನ್ನೂ ಕೊಡದೆ, ಅವರು ವಿಚಾರಣೆಗೆ ಬರಲಾಗದಂತೆ ಮಾಡಿದ್ದು ಕಂಪನಿಗೆ ಮುಳುವಾಯಿತು. ಲೀಗಿನ ಆಟಗಾರ ನೌಕರನಲ್ಲ, ಗುತ್ತಿಗೆಯವನು, ನಿಜ. ಆದರೂ ಈ ಪಾಠ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹೊರದೇಶಗಳ ಲೀಗುಗಳು ಮಾಡಿದ ತಪ್ಪುಗಳಿಂದ ಕಲಿಯುವುದು ಸಾಕಷ್ಟಿದೆ. 2014ರಲ್ಲಿ ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್, ಭಾವಿ ಪತ್ನಿಗೆ ಹೊಡೆದ ರೇ ರೈಸ್‌ಗೆ ಬರೀ ಎರಡು ಪಂದ್ಯಗಳ ನಿಷೇಧ ಹಾಕಿತು. ಜನ ಉಗಿದ ಮೇಲೆ, ಮೊದಲ ತಪ್ಪಿಗೆ ಆರು ಪಂದ್ಯ ಎಂಬ ನಿಯಮ ತಂದಿತು. ಸೆಪ್ಟೆಂಬರ್‌ನಲ್ಲಿ ಲಿಫ್ಟಿನೊಳಗಿನ ವಿಡಿಯೊ ಹೊರಬಿತ್ತು. ಅದೇ ದಿನ ಲೀಗು ಅನಿರ್ದಿಷ್ಟ ಅವಧಿಯ ನಿಷೇಧ ಹೇರಿತು. ನವೆಂಬರ್‌ನಲ್ಲಿ, ಮಧ್ಯಸ್ಥಿಕೆಗೆ ಕುಳಿತ ಮಾಜಿ ನ್ಯಾಯಾಧೀಶೆ ಅದನ್ನು ರದ್ದು ಮಾಡಿದರು: ಆತ ಲೀಗಿನ ಮುಂದೆ ಸುಳ್ಳು ಹೇಳಿರಲಿಲ್ಲ, ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಸಲ್ಲದು. ನಿಯಮ ಮೊದಲೇ ಇಲ್ಲದಿದ್ದರೆ ಶಿಕ್ಷೆ ಕ್ಯಾಮೆರಾ ನೋಡಿ ಬದಲಾಗುತ್ತದೆ, ಬದಲಾದ ಶಿಕ್ಷೆ ಮೇಲ್ಮನವಿಯಲ್ಲಿ ನಿಲ್ಲುವುದಿಲ್ಲ.

ಆಸ್ಟ್ರೇಲಿಯಾದ ರಗ್ಬಿ ಲೀಗ್ 2019ರಲ್ಲಿ ಬೇರೆ ದಾರಿ ಹಿಡಿಯಿತು. 11 ವರ್ಷ ಅಥವಾ ಹೆಚ್ಚಿನ ಜೈಲು ಶಿಕ್ಷೆ ಸಾಧ್ಯವಿರುವ ಆರೋಪ ಹೊತ್ತವನನ್ನು ತಪ್ಪಿತಸ್ಥನೆಂದು ಹೇಳದೆ, ಪೂರ್ತಿ ಸಂಬಳ ಕೊಟ್ಟು, ಪಂದ್ಯದಿಂದ ಮಾತ್ರ ಹೊರಗಿಡುವುದು. ಆಟಗಾರನೊಬ್ಬ ಇದರ ವಿರುದ್ಧ ಫೆಡರಲ್ ಕೋರ್ಟಿಗೆ ಹೋಗಿ ಸೋತ. ಇದು ಒಳ್ಳೆಯ ವಿಧಾನ, ಆದರೆ ಇದನ್ನು ಇಲ್ಲಿ ಹಾಗೆಯೇ ನಕಲು ಮಾಡಿದರೆ ಪ್ರಯೋಜನವಿಲ್ಲ. ನಮ್ಮ 85ನೇ ಕಲಂಗೆ ಗರಿಷ್ಠ ಶಿಕ್ಷೆಯೇ ಮೂರು ವರ್ಷ, ಆ ಮಿತಿಗೆ ಒಬ್ಬನೂ ಸಿಗಲಾರ. ಇನ್ನೊಂದು ತೊಡಕೂ ಇದೆ: ಅದೇ ಆಟಗಾರನ ಮೇಲಿನ ಆರೋಪ ಕೊನೆಗೆ ಸಾಬೀತಾಗಲಿಲ್ಲ, ಅಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ನಮ್ಮ ಕೋರ್ಟುಗಳಲ್ಲಿ ಇನ್ನೆಷ್ಟಾದೀತೋ!

ಹಾಗಾಗಿ ಇಲ್ಲಿ ಎರಡು ಘಟ್ಟಗಳನ್ನು ಗುರುತಿಸಿಕೊಳ್ಳಬೇಕು: ಮ್ಯಾಜಿಸ್ಟ್ರೇಟರು 2005ರ ಕಾಯ್ದೆಯಡಿ ಕೊಡುವ ರಕ್ಷಣಾ ಆದೇಶ, ಇಲ್ಲವೇ ಪೊಲೀಸರ ಆರೋಪಪಟ್ಟಿ. ಎರಡರಲ್ಲಿ ಯಾವುದು ಮೊದಲು ಬಂದರೂ ಆಟಗಾರ ಅಂಗಣದಿಂದ ಹೊರಗೆ, ಒಪ್ಪಂದದ ಹಣ ಮಾತ್ರ ನಿಲ್ಲುವುದಿಲ್ಲ. ಅದೇ ಕಾಯ್ದೆಯ 23ನೇ ಕಲಂನ ಮಧ್ಯಂತರ ಆದೇಶ ಹೆಂಡತಿಯ ಅಫಿಡವಿಟ್ಟೊಂದನ್ನೇ ನೋಡಿ, ಗಂಡನ ಮಾತು ಕೇಳುವ ಮೊದಲೂ ಬರಬಹುದು. ಆದ್ದರಿಂದ ಈ ಹೊರಗಿಡುವಿಕೆಗೆ 30 ದಿನಗಳ ಮಿತಿ ಇರಲಿ, ಅಷ್ಟರೊಳಗೆ ಲೀಗಿನದೇ ವಿಚಾರಣೆ ಮುಗಿಯಲಿ. ಬರೀ ದೂರಿದ್ದರೆ ಹೆಸರು ಹೊರಗೆ ಬಿಡದೆ ವಿಚಾರಣೆ ಶುರು ಮಾಡಿದರೆ ಸಾಕು.

ವಿಚಾರಣೆಗೆ ಮೂವರು ಸಾಕು. ತಂಡದ ಮಾಲೀಕರ ಕಡೆಯವರು ಬೇಡ, ಪ್ರಾಯೋಜಕರ ಕಡೆಯವರೂ ಬೇಡ. ಒಬ್ಬರಾದರೂ ಮಹಿಳೆ, ಒಬ್ಬರಾದರೂ ಕೌಟುಂಬಿಕ ಪ್ರಕರಣ ನಡೆಸಿ ಗೊತ್ತಿರುವ ವಕೀಲರು. ಲೈಂಗಿಕ ಕಿರುಕುಳದ ಆಂತರಿಕ ಸಮಿತಿಗೆ ಇದನ್ನು ದಾಟಿಸಿ ಕೈತೊಳೆದುಕೊಳ್ಳುವಂತಿಲ್ಲ, 2013ರ ಆ ಕಾಯ್ದೆ ಕೆಲಸದ ಜಾಗಕ್ಕೆ ಸಂಬಂಧಿಸಿದ್ದು. ನೋಡಬೇಕಾದ್ದು ಕಾಗದಗಳನ್ನು: ಆಕೆ ಒಪ್ಪಿದರೆ 2005ರ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿಯ ಕೌಟುಂಬಿಕ ಘಟನಾ ವರದಿ, ಆಸ್ಪತ್ರೆಯ ಗಾಯದ ಪ್ರಮಾಣಪತ್ರ, ಕೋರ್ಟಿನ ಆದೇಶ. ಆಟಗಾರನಿಗೆ ಆರೋಪ ಬರವಣಿಗೆಯಲ್ಲಿ ಸಿಗಬೇಕು, ಉತ್ತರ ಕೊಡಲು ಸಮಯ ಸಿಗಬೇಕು, ಮೇಲ್ಮನವಿಗೆ ಬೇರೆಯೇ ವ್ಯಕ್ತಿ ಇರಬೇಕು. ಸುಳ್ಳು ದೂರಿನ ಭಯ ಇರುವವರಿಗೂ ರಕ್ಷಣೆ ಇದೇ.

ಗಂಡ ಹೆಂಡತಿ ಇಬ್ಬರನ್ನೂ ಕ್ಲಬ್ಬಿನ ಅಧ್ಯಕ್ಷರ ಮನೆ ಚಾವಡಿಯಲ್ಲಿ ಕೂರಿಸಿ, ನಾಲ್ಕು ಬುದ್ಧಿಮಾತು ಹೇಳಿ, ‘ಇನ್ನು ಹೀಗಾಗದು’ ಎಂದು ಮುಚ್ಚಳಿಕೆ ಬರೆಸಿಕೊಳ್ಳುವ ಪಂಚಾತಿಗೆ ಮಾತ್ರ ಖಂಡಿತ ಬೇಡ. ಅಲ್ಲಿ ಆಕೆ ಏನು ಹೇಳಿದರೂ ಸಂಜೆ ಹಿಂತಿರುಗುವುದು ಅದೇ ಮನೆಗೆ. ಅಳಿಯಕಟ್ಟಿನ ನಾಡು, ಆಸ್ತಿ ಹೆಣ್ಣಿನ ಕಡೆಯಿಂದ ಬರುವ ನಾಡು, ಇಲ್ಲಿ ಹೆಣ್ಣಿಗೆ ಮರ್ಯಾದೆ ಜಾಸ್ತಿ ಎಂದು ಹೇಳಿಕೊಳ್ಳುವ ನಾವೇ ಈ ಪಂಚಾತಿಗೆಯಲ್ಲಿ ಎತ್ತಿದ ಕೈ.

ದಂಡದ ಬಗ್ಗೆ ನಮ್ಮದು ಗಟ್ಟಿ ಅಭಿಪ್ರಾಯ: ಹಣದ ದಂಡ ಬೇಡ. ಸಣ್ಣ ಲೀಗಿನ ಆಟಗಾರನಿಗೆ ಸೀಸನ್ನಿಗೆ ಸಿಗುವುದೇ ಅಲ್ಪ. ಅದನ್ನು ಕಿತ್ತುಕೊಂಡರೆ ಮೊದಲು ನಿಲ್ಲುವುದು ಮಗುವಿನ ಶಾಲೆಯ ಫೀಸು. ‘ನಿನ್ನಿಂದಲೇ ಹಣ ಹೋಯಿತು’ ಎಂದು ಮನೆಯಲ್ಲಿ ಮತ್ತೆ ಏಟು ಬೀಳುವ ಸಂಭವವೂ ಇದೆ. ದೂರು ಕೊಟ್ಟರೆ ಮನೆಯ ಒಲೆಯೇ ಆರುತ್ತದೆ ಎಂದು ಗೊತ್ತಾದರೆ ಇನ್ನೊಬ್ಬಳು ದೂರನ್ನೇ ಕೊಡಲಾರಳು. ದಂಡ ಹಾಕಲೇಬೇಕೆಂದಿದ್ದರೆ, 2005ರ ಕಾಯ್ದೆಯ 20ನೇ ಕಲಂನಡಿ ಕೋರ್ಟು ಜೀವನಾಂಶ ನಿಗದಿ ಮಾಡಿದ್ದಲ್ಲಿ, ಆಟಗಾರನಿಗೆ ಕೊಡಬೇಕಾದ ಹಣದಿಂದ ಆ ಮೊತ್ತವನ್ನು ಮುರಿದು ನೇರ ಆಕೆಯ ಖಾತೆಗೆ ಹಾಕುವ ಷರತ್ತು ಗುತ್ತಿಗೆಯಲ್ಲಿರಲಿ. ನಿಷೇಧವನ್ನು ಪ್ರಕಟಿಸುವ ಒಂದು ದಿನ ಮೊದಲು ಆಕೆಗೆ ತಿಳಿಸಿ, ಬೇರೆ ಕಡೆ ಹೋಗಬೇಕಾದರೆ ಹೋಗಲಿ. 181ರ ಸಹಾಯವಾಣಿಯ ನಂಬರನ್ನೂ ಕೊಡಿ. ಸುದ್ದಿ ಬಂದ ರಾತ್ರಿಯೇ ಅಪಾಯ ಹೆಚ್ಚು.

ನಿಷೇಧವನ್ನು ತಿಂಗಳಲ್ಲಿ ಅಲ್ಲ, ಪಂದ್ಯದ ಲೆಕ್ಕದಲ್ಲಿ ಹಾಕಿ. ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಕೋಲ, ಜಾತ್ರೆಗಳು ನಿಲ್ಲುವ ದಿನ) ಕಳೆದು ಮಳೆ ಹಿಡಿದ ಮೇಲೆ ‘ಮೂರು ತಿಂಗಳ ಅಮಾನತು’ ಎಂದರೆ ಅದು ರಜೆ. ಹಿಂಸೆ ಸಾಬೀತಾದರೆ ಕನಿಷ್ಠ ಅರ್ಧ ಸೀಸನ್ ಇರಲಿ. ಕತ್ತು ಹಿಸುಕಿದ್ದು, ಆಯುಧ ಎತ್ತಿದ್ದು, ಬಸುರಿಗೆ ಹೊಡೆದದ್ದು ಗೊತ್ತಾದರೆ ಒಂದು ಸೀಸನ್ನಿಗೆ ಕಡಿಮೆ ಬೇಡ; ಅದರಲ್ಲೂ ಕತ್ತು ಹಿಸುಕುವುದು ಮುಂದೆ ಕೊಲೆಯವರೆಗೆ ಹೋಗುವ ಲಕ್ಷಣ, ಗಾಯ ಹೊರಗೆ ಕಾಣದೆ ಇರಬಹುದು. ರಕ್ಷಣಾ ಆದೇಶ ಮೀರಿದವನ ಗುತ್ತಿಗೆಯೇ ರದ್ದು; ಕಾನೂನಿನಲ್ಲೂ ಅದು ಒಂದು ವರ್ಷದವರೆಗೆ ಜೈಲಾಗಬಹುದಾದ ಅಪರಾಧ.

ಉಳಿದದ್ದು, ಇಲ್ಲಿ ಹೊರಗಿಟ್ಟವನು ಮುಂದಿನ ಶನಿವಾರ ಕುಂದಾಪುರದಲ್ಲೋ ಬಂಟ್ವಾಳದಲ್ಲೋ ಬೇರೆ ಜೆರ್ಸಿ ತೊಟ್ಟು ಇಳಿಯುವುದು. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಕ್ರೀಡಾ ಸಂಸ್ಥೆಗಳು ನಿರಾಕ್ಷೇಪಣಾ ಪತ್ರವಿಲ್ಲದೆ ಯಾರನ್ನೂ ಹರಾಜಿಗೆ ಸೇರಿಸುವುದಿಲ್ಲವೆಂದು ಒಪ್ಪಿಕೊಂಡರೆ ಇದು ನಿಲ್ಲುತ್ತದೆ. ನೋಂದಣಿ ಫಾರ್ಮಿನಲ್ಲಿ ಆಧಾರ್ ಸಂಖ್ಯೆಯ ಕೆಳಗೆ ಒಂದು ಸಾಲು ಸೇರಿಸಿದರೂ ಆದೀತು: ‘ನನ್ನ ಮೇಲೆ ಜಾರಿಯಲ್ಲಿರುವ ರಕ್ಷಣಾ ಆದೇಶ ಇದೆ / ಇಲ್ಲ’.

— ಇಬ್ಬರು ವಕೀಲರು, ಉಡುಪಿ